“ಆ ಚುಕ್ಕಿ ನೋಡೋದ್ರಲ್ಲಿ ಎಂತ ಇದೆ?”

ಜೂನ್ ಬಂತೆಂದರೆ ನನ್ನನ್ನು ಬಲ್ಲವರೆಲ್ಲ ಕೇಳುವುದು ಒಂದೇ ಪ್ರಶ್ನೆ. “ಎಲ್ಲೋ ಅಮೆರಿಕದ ದೋಣಿ ರೇಸು. ದೋಣಿ ಕಾಣಲ್ಲ, ಜನ ಕಾಣಲ್ಲ. ಮೊಬೈಲಿನಲ್ಲಿ ಬರೀ ಬಣ್ಣಬಣ್ಣದ ಚುಕ್ಕಿ. ಅದನ್ನೇನು ಗಂಟೆಗಟ್ಟಲೆ ನೋಡ್ತೀಯಾ?” ಶಿರಸಿಯಿಂದ ಬಂದಿದ್ದ ನಮ್ಮ ಅತ್ತೆ ಬಗ್ಗಿ ನೋಡಿ, “ಎಂತದಾ ಇದು, ಇರುವೆ ಹರಿದಾಂಗೆ ಕಾಣ್ತು” ಅಂದು ಕಷಾಯದ ಲೋಟ ಇಟ್ಟು ಹೋದರು. ಉಳಿದವರು ಅಷ್ಟೂ ಮರ್ಯಾದೆ ಕೊಡುವುದಿಲ್ಲ. ಹಾಗಾಗಿ ಉತ್ತರವನ್ನು ಬರೆದೇ ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯ್ತು.

ಮೊದಲು ರೇಸ್ ಯಾವುದು ಅಂತ ಹೇಳಿಬಿಡುತ್ತೇನೆ. ಹೆಸರು ‘ರೇಸ್ ಟು ಅಲಾಸ್ಕಾ’. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್ ಎಂಬ ಊರಿನಿಂದ ಹೊರಟು, ಕೆನಡಾದ ಕರಾವಳಿ ಹಿಡಿದು ಉತ್ತರಕ್ಕೆ ಸಾಗಿ, ಅಲಾಸ್ಕಾದ ಕೆಚಿಕನ್ ಮುಟ್ಟಬೇಕು. ದೂರ 750 ಮೈಲಿ, ಅಂದರೆ ಸುಮಾರು 1,200 ಕಿಲೋಮೀಟರ್. ಮುಂಬೈಯಿಂದ ಕೊಚ್ಚಿಗೆ ಸಮುದ್ರದಲ್ಲಿ ಹೋದರೂ ಇಷ್ಟಾಗುವುದಿಲ್ಲ. 2015ರಲ್ಲಿ ಶುರುವಾದ ರೇಸ್ ಇದು. ದೋಣಿಯಲ್ಲಿ ಇಂಜಿನ್ ಇರಬಾರದು. ಮೊದಲೇ ಗೊತ್ತು ಮಾಡಿಟ್ಟ ಸಹಾಯವೂ ಇರಬಾರದು. ಇನ್ನೆಲ್ಲ ನಿಮ್ಮಿಷ್ಟ. ಹಾಯಿ ಕಟ್ಟಿ, ಹುಟ್ಟು ಹಾಕಿ, ಪೆಡಲ್ ತುಳಿಯಿರಿ. ಗೆದ್ದವರಿಗೆ 10,000 ಡಾಲರ್ ನಗದು. ಎರಡನೆಯವರಿಗೆ ಮಾಂಸ ಕೊಯ್ಯುವ ಚೂರಿಗಳ ಒಂದು ಸೆಟ್. ತಮಾಷೆ ಅಲ್ಲ, ನಿಜವಾಗಿಯೂ ಅದೇ ಬಹುಮಾನ. ಮೂರನೆಯವರಿಗೆ ಏನೂ ಇಲ್ಲ.

ಆ ಕರಾವಳಿ ನಮ್ಮದರ ಹಾಗೆ ನೆಟ್ಟಗಿಲ್ಲ. ನೂರಾರು ದ್ವೀಪ, ಬೆಟ್ಟಗಳ ನಡುವೆ ನುಗ್ಗಿದ ಸಮುದ್ರ, ಇಕ್ಕಟ್ಟಾದ ಕಾಲುವೆಗಳು. ಕಾಡಿನಿಂದ ತೇಲಿ ಬಂದ ಮರದ ದಿಮ್ಮಿಗಳು ನೀರಿನಲ್ಲಿ ಅರ್ಧ ಮುಳುಗಿ ಕಾದಿರುತ್ತವೆ. ನೀರು ಹತ್ತು ಡಿಗ್ರಿಯ ಆಸುಪಾಸು. ಬಿದ್ದರೆ ಕೈಕಾಲು ಮರಗಟ್ಟಲು ಹೆಚ್ಚು ಹೊತ್ತು ಬೇಡ. ಹಗಲು ಮಾತ್ರ ಬಲು ಉದ್ದ, ಕೆಚಿಕನ್ ಹತ್ತಿರ ಜೂನ್‌ನಲ್ಲಿ ಹದಿನೇಳು ಗಂಟೆಗೂ ಜಾಸ್ತಿ.

ಪ್ರತಿ ದೋಣಿಯಲ್ಲೂ ಒಂದು ಟ್ರ್ಯಾಕರ್ ಇರುತ್ತದೆ. ಅದು ಉಪಗ್ರಹದ ಮೂಲಕ ಆಗಾಗ ತಾನಿರುವ ಜಾಗ ತಿಳಿಸುತ್ತದೆ. ಅದೇ ನಮ್ಮ ಚುಕ್ಕಿ. ಒತ್ತಿದರೆ ತಂಡದ ಹೆಸರು, ವೇಗ, ದಿಕ್ಕು, ಕೊನೆಯ ಸುದ್ದಿ ಬಂದ ಹೊತ್ತು ಕಾಣುತ್ತದೆ. ಹಿಂದೆ ಬಾಲದಂತೆ ಬಂದ ದಾರಿಯ ಗೆರೆ. ಇಷ್ಟೇ ಸಾಮಗ್ರಿ. ಆದರೆ ನಾನು ನೋಡುವುದು ನೀರನ್ನು. ಚುಕ್ಕಿ ಅದಕ್ಕೊಂದು ನೆಪ.

ನಮ್ಮ ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಡಿಬಾಗದಲ್ಲಿ ಸೇತುವೆ ಕಂಬಕ್ಕೆ ನೀರು ಸುತ್ತುವ ರೀತಿ ನೋಡಿಯೇ ಭರತಿಯೋ (ಅಂದರೆ ಉಬ್ಬರ) ಇಳಿತವೋ ಹೇಳುವವರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ನಮ್ಮ ಓಣಿಯಲ್ಲಿರುವವರು ಪರ್ಸಿನ್ ಬೋಟಿನ ತಾಂಡೇಲರು, ಅಂದರೆ ದೊಡ್ಡ ಸುತ್ತುಬಲೆಯ ಮೀನು ಬೋಟು ನಡೆಸುವ ಮುಖ್ಯಸ್ಥರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಬೋಟು ಬೈತಖೋಲ ಬಂದರಿನಲ್ಲಿ ಕಟ್ಟಿರುತ್ತದೆ, ಅವರು ನಮ್ಮ ಜಗಲಿಯಲ್ಲಿರುತ್ತಾರೆ. ಇಂಗ್ಲಿಷ್ ಓದಲು ಬರುವುದಿಲ್ಲ. ಚುಕ್ಕಿ ಓದಲು ಅದು ಬೇಕಾಗಿಯೂ ಇಲ್ಲ.

ಆ ದಾರಿಯಲ್ಲಿ ಸೀಮೋರ್ ನ್ಯಾರೋಸ್ ಎಂಬ ಗಂಡಿ ಇದೆ. ಅಗಲ ಮುಕ್ಕಾಲು ಕಿಲೋಮೀಟರ್ ಆಸುಪಾಸು. ಕೆನಡಾದ ವ್ಯಾಂಕೂವರ್ ದ್ವೀಪದ ಉತ್ತರ ತುದಿಯಿಂದ ಒಳಬದಿಗೆ ಬರುವ ನೀರಿನ ದೊಡ್ಡ ಪಾಲು ಅದರೊಳಗೆ ನುಗ್ಗಿ ಹೋಗಬೇಕು. ಜೋರು ಇರುವಾಗ ಸೆಳೆತ 15 ನಾಟ್ ತನಕ ಏರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಲೆಕ್ಕ ಹಾಕಿಕೊಳ್ಳಿ. ಹಿಂದೆ ಅದರ ನಟ್ಟನಡುವೆ ನೀರಿನಡಿ ಒಂದು ಬಂಡೆಯೂ ಇತ್ತು, ರಿಪಲ್ ರಾಕ್ ಅಂತ. ನೂರಕ್ಕೂ ಹೆಚ್ಚು ಹಡಗು, ದೋಣಿಗಳನ್ನು ಬಲಿ ತೆಗೆದುಕೊಂಡಿತ್ತು. ಕೊನೆಗೆ ಕೆನಡಾದವರು ಸಮುದ್ರದಡಿ ಸುರಂಗ ಕೊರೆದು, ಮದ್ದು ತುಂಬಿ, 1958ರ ಏಪ್ರಿಲ್ 5ರಂದು ಅದನ್ನು ಉಡಾಯಿಸಿದರು. ಬಂಡೆಯ ತಲೆ ಹೋಯಿತು. ಸೆಳೆತ ಉಳಿಯಿತು.

ಅಲ್ಲಿನ ಇನ್ನೊಂದು ವಿಚಿತ್ರ ಏನೆಂದರೆ ಭರತಿ ನೀರು ತೆಂಕಣಕ್ಕೆ ಹರಿಯುತ್ತದೆ. ದ್ವೀಪದ ಎರಡೂ ತುದಿಯಿಂದ ಭರತಿ ಒಳಬಂದು ನಡುವೆಲ್ಲೋ ಸಂಧಿಸುತ್ತದೆ, ಈ ಗಂಡಿ ಉತ್ತರದ ಪಾಲಿಗೆ ಸೇರಿದ್ದು. ಹಾಗಾಗಿ ಅಲಾಸ್ಕಾ ಕಡೆ ಹೊರಟವರಿಗೆ ಬೇಕಾದದ್ದು ಇಳಿತ. ನೀರು ತಿರುಗುವ ಆ ಸ್ವಲ್ಪ ಹೊತ್ತಿಗೆ ಗಂಡಿಯ ಬಾಯಲ್ಲಿ ಇರಬೇಕು. ತಪ್ಪಿದರೆ ಆರೇಳು ತಾಸು ಕಾಯಬೇಕು, ಇಲ್ಲ ಹುಚ್ಚು ಧೈರ್ಯ ಮಾಡಬೇಕು.

ಒಂದು ಸಂಜೆ ಗಂಡಿಗೆ ಸ್ವಲ್ಪ ಕೆಳಗೆ ಒಂದು ಚುಕ್ಕಿ ಅಲುಗದೆ ನಿಂತಿತ್ತು. ವೇಗ ಸೊನ್ನೆ. ಅದರ ಪಕ್ಕದಿಂದಲೇ ಇನ್ನೊಂದು ಚುಕ್ಕಿ ಮುಂದೆ ಹೋಯಿತು. ನಿಂತವ ಸೋತ ಅಂತ ನಮ್ಮ ಹುಡುಗರೆಲ್ಲ ತೀರ್ಪು ಕೊಟ್ಟಾಗಿತ್ತು. ತಾಂಡೇಲರು ಕೇಳಿದ್ದು ಒಂದೇ ಮಾತು: “ಅಲ್ಲಿ ಈಗ ಭರತಿಯಾ, ಇಳಿತವಾ?” ಟೈಡ್ ಪಟ್ಟಿ ತೆಗೆದು ನೋಡಿದೆ. ಭರತಿ, ಅದೂ ಏರುತ್ತಿರುವ ಹೊತ್ತು. “ಮತ್ತೆ? ನಿಂತವನೇ ಬುದ್ಧಿವಂತ, ತಮ್ಮಾ. ಹೋದವನನ್ನು ನೋಡ್ತಾ ಇರು.” ಹೋದವನ ವೇಗ 4 ಇದ್ದದ್ದು 2 ಆಯಿತು. ಆಮೇಲೆ ಸೊನ್ನೆ. ಆಮೇಲಿನ ಸುದ್ದಿಗೆ ಚುಕ್ಕಿ ಬಂದ ದಾರಿಯಲ್ಲೇ ಹಿಂದಕ್ಕೆ ಸರಿದಿತ್ತು. ದೋಣಿಯ ಮೂತಿ ಉತ್ತರಕ್ಕೇ ಇರುತ್ತದೆ, ಹಾಯಿ ತುಂಬಿರುತ್ತದೆ, ಪಕ್ಕದಲ್ಲಿ ನೊರೆ ಹಾರುತ್ತಿರುತ್ತದೆ. ಒಳಗೆ ಕೂತವನಿಗೆ ಒಳ್ಳೇ ಓಟದಲ್ಲಿದ್ದೇನೆ ಅಂತಲೇ ಅನ್ನಿಸಬೇಕು. ನೀರಿನ ಲೆಕ್ಕದಲ್ಲಿ ಅದು ನಿಜವೂ ಹೌದು. ಆದರೆ ದೋಣಿ 5 ನಾಟ್ ಓಡಿ, ನೀರು 7 ನಾಟ್ ಎದುರು ಬಂದರೆ, ದಡದಲ್ಲಿ ನಿಂತ ಮರದ ಲೆಕ್ಕಕ್ಕೆ ನೀವು 2 ನಾಟ್ ಹಿಂದೆ. ಟ್ರ್ಯಾಕರ್ ಮರದ ಪರ. ಇದು ತಲೆಗೆ ಹೋದ ಮೇಲೆ ಪ್ರತಿ ಅಂಕಿಯೂ ಮಾತಾಡಲು ಶುರುಮಾಡುತ್ತದೆ. ಚಿಕ್ಕ ಹುಟ್ಟಿನ ದೋಣಿ ಇದ್ದಕ್ಕಿದ್ದಂತೆ 9 ನಾಟ್ ತೋರಿಸಿದರೆ, ಅವ ನೀರು ತಿರುಗುವುದನ್ನು ಕಾದು ಕೂತು ಸರಿಯಾಗಿ ಹೊರಟ ಅಂತ ಅರ್ಥ.

ಗಂಡಿ ದಾಟಿದರೆ ಜಾನ್‌ಸ್ಟನ್ ಜಲಸಂಧಿ. ನನಗೆ ರೇಸಿನಲ್ಲಿ ಹೆಚ್ಚು ಇಷ್ಟವಾಗುವ ಭಾಗ ಇದು. ಎರಡೂ ಬದಿ ಬೆಟ್ಟ, ನಡುವೆ ಬೇಸಿಗೆಯ ವಾಯವ್ಯ ಗಾಳಿ ಕೊಳವೆಯಲ್ಲಿ ನುಗ್ಗಿದಂತೆ ನುಗ್ಗುತ್ತದೆ. ಇವರು ಹೋಗಬೇಕಾದದ್ದು ಅದೇ ವಾಯವ್ಯಕ್ಕೆ. ಗಾಳಿಗೆ ನೇರ ಎದುರು ಯಾವ ಹಾಯಿಯೂ ಹೋಗುವುದಿಲ್ಲ, ಆದ್ದರಿಂದ ಈ ದಡ ಆ ದಡ ಅಂತ ಓರೆಓರೆಯಾಗಿ ಹತ್ತಬೇಕು. ಬಾಲದ ಗೆರೆ ಗರಗಸದ ಹಲ್ಲಿನ ಹಾಗೆ ಕಾಣುವುದು ಅದಕ್ಕೆ. ಇಲ್ಲಿಯೂ ಇಳಿತ ಇವರಿಗೆ ಸಹಾಯ, ಮುಂದಕ್ಕೆ ತಳ್ಳುತ್ತದೆ. ಆದರೆ ಗಾಳಿ ಒಂದು ಕಡೆಯಿಂದ, ನೀರು ಅದಕ್ಕೆ ಎದುರಿನಿಂದ ಬಂದಾಗ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಮೇಲೊಂದು ಏಳುತ್ತದೆ. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಹೊರಗೆ ಬರುವಾಗ ಅಳಿವೆಯ ಬಾಯಲ್ಲಿ ಪಡುಗಾಳಿಯ ಅಲೆ ನಿಂತು ಒಡೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಂದರೆ ದೋಣಿಯನ್ನು ಮುಂದೆ ತಳ್ಳುವ ನೀರೇ ದೋಣಿ ಮುರಿಯುವ ಅಲೆಯನ್ನೂ ಎಬ್ಬಿಸುತ್ತದೆ. ಭರತಿಯಲ್ಲಿ ಹೋದರೆ ಅಲೆ ಕಡಿಮೆ, ದಾರಿಯೂ ಸಾಗುವುದಿಲ್ಲ. ಯಾರು ಯಾವುದನ್ನು ಆರಿಸಿಕೊಂಡರು? ಯಾರು ಒಂದು ಕೊಲ್ಲಿಯೊಳಗೆ ಲಂಗರು ಹಾಕಿ ಮಲಗಿದರು? ಇದನ್ನು ಚುಕ್ಕಿಯಿಂದಲೇ ತಿಳಿಯಬಹುದು. ಕ್ರಿಕೆಟ್‌ನಲ್ಲಿ ನಾಯಕನ ತಲೆಯಲ್ಲಿ ಏನಿದೆ ಅಂತ ಊಹಿಸಲು ಮೂರು ಜನ ಕಾಮೆಂಟೇಟರ್ ಬೇಕು. ಇಲ್ಲಿ ಅಷ್ಟೂ ಕೆಲಸ ನಮ್ಮದೇ.

2022ರಿಂದ ಸೀಮೋರ್ ಗಂಡಿಯಲ್ಲೇ ಹೋಗಬೇಕೆಂಬ ಕಡ್ಡಾಯ ಇಲ್ಲ. ಬೇಕಾದವರು ದ್ವೀಪದ ಹೊರಬದಿಯ ತೆರೆದ ಸಾಗರದಲ್ಲೂ ಹೋಗಬಹುದು. ಆ ವರ್ಷ ಮೊದಲ ಹಂತದಲ್ಲೇ, ಅಂದರೆ ಕೆನಡಾದ ವಿಕ್ಟೋರಿಯಾ ತಲುಪುವ ನಲವತ್ತು ಮೈಲಿಯೊಳಗೇ, ಗಾಳಿ ಎದ್ದು ಕೆಲವು ದೋಣಿಗಳು ಮಗುಚಿದವು. ಕೋಸ್ಟ್ ಗಾರ್ಡ್ ಬಂದು ಜನರನ್ನು ಎತ್ತಬೇಕಾಯಿತು. ಆ ಹಂತ ಇಟ್ಟಿರುವುದೇ ಜೊಳ್ಳು ತೂರಲು.

ಗೆಲ್ಲುವವರ ಬಗ್ಗೆ ನನಗೆ ಅಷ್ಟು ಕುತೂಹಲವಿಲ್ಲ. ದುಬಾರಿ ದೋಣಿ, ನುರಿತ ಕೈ, ಬೇಗ ಮುಗಿಸಿಬಿಡುತ್ತಾರೆ. 2016ರಲ್ಲಿ ಒಂದು ತಂಡ ನಾಲ್ಕು ದಿನದೊಳಗೆ ಮುಟ್ಟಿತು. 2018 ಬೇರೆ. ಆ ವರ್ಷ ಗೆದ್ದದ್ದು ‘ಸೇಲ್ ಲೈಕ್ ಎ ಗರ್ಲ್’ ಎಂಬ ಹೆಂಗಸರ ತಂಡ. ಅಲ್ಲಿಯವರೆಗೆ ಎರಡು ಮೂರು ಒಡಲಿನ ದೋಣಿಗಳೇ ಗೆಲ್ಲುತ್ತಿದ್ದವು, ಇವರದ್ದು ಒಂದೇ ಒಡಲಿನದು. ಗಾಳಿ ಬಿದ್ದಾಗ ದೋಣಿಯ ಹಿಂಬದಿಗೆ ಜೋಡಿಸಿದ ಸೈಕಲ್ ಪೆಡಲ್ ತುಳಿದು ಪಂಖ ತಿರುಗಿಸುತ್ತಿದ್ದರು. 2017ರಲ್ಲಿ ಕಾರ್ಲ್ ಕ್ರೂಗರ್ ಎಂಬಾತ ಹಲಗೆಯ ಮೇಲೆ ನಿಂತು, ಒಂದೇ ಹುಟ್ಟು ಹಾಕುತ್ತ, ಎರಡು ವಾರದಲ್ಲಿ ಕೆಚಿಕನ್ ಮುಟ್ಟಿದ. ಹಲಗೆ ಮೇಲೆ ನಿಂತು ಈ ರೇಸ್ ಮುಗಿಸಿದವರಲ್ಲಿ ಆತನೇ ಮೊದಲಿಗ. ಬಾಲದ ಕಡೆ ಇರುವವರೇ ನನ್ನ ಜನ. ಅವರ ಹಿಂದೆ ‘ಗ್ರಿಮ್ ಸ್ವೀಪರ್’ ಎಂಬ ದೋಣಿ ಬರುತ್ತಿರುತ್ತದೆ, ಅದು ದಾಟಿ ಹೋದರೆ ನಿಮ್ಮ ರೇಸ್ ಮುಗಿಯಿತು. ಚಿಕ್ಕ ದೋಣಿಯ ಇಬ್ಬರು ಗಂಡ ಹೆಂಡತಿ ಅದರಿಂದ ಅರ್ಧ ದಿನದ ದೂರ ಕಾಯ್ದುಕೊಂಡು ಹೋಗುತ್ತಿದ್ದರೆ ನನಗೆ ಇಲ್ಲಿ ಊಟ ಸೇರುವುದಿಲ್ಲ.

ಕಷ್ಟ ಪಡುವವರನ್ನು ಮಜಾ ನೋಡ್ತೀಯಲ್ಲ ಅಂತಲೂ ಒಬ್ಬರು ಅಂದರು. ಅದಕ್ಕೆ ನನ್ನ ಹತ್ತಿರ ಒಂದು ಹೆಸರಿದೆ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ. ಒಬ್ಬರೇ ಎಲ್ಲೂ ನಿಲ್ಲದೆ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, 2018ರಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಬಿರುಗಾಳಿಗೆ ಅವರ ದೋಣಿಯ ಕೂವೆ (ಹಾಯಿ ಕಟ್ಟುವ ಕಂಬ) ಮುರಿಯಿತು, ಬೆನ್ನಿಗೆ ಪೆಟ್ಟಾಯಿತು. ಫ್ರಾನ್ಸಿನ ಒಂದು ಮೀನುಗಾರಿಕಾ ಗಸ್ತು ಹಡಗು ಹೋಗಿ ಎತ್ತಿಕೊಳ್ಳುವ ತನಕ ಎಷ್ಟೋ ಜನ ಆ ಚುಕ್ಕಿಯನ್ನೇ ನೋಡುತ್ತಿದ್ದರು. ನಾನೂ ಅವರಲ್ಲೊಬ್ಬ. ಆ ರೇಸಿನಲ್ಲಿ ನಾವಿಕರು ಜಿಪಿಎಸ್ ನೋಡುವ ಹಾಗಿಲ್ಲ. ಸೂರ್ಯ, ನಕ್ಷತ್ರ ಅಳೆದು ದಾರಿ ಹುಡುಕಬೇಕು. ಅಂದರೆ ಅವರು ಎಲ್ಲಿದ್ದಾರೆ ಅಂತ ಅವರಿಗಿಂತ ಚೆನ್ನಾಗಿ ಕಾರವಾರದಲ್ಲಿ ಕೂತ ನಮಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡುವಂತಿರಲಿಲ್ಲ. ಟೋಮಿಯವರೇ ಅದೇ ರೇಸಿಗೆ ಮತ್ತೆ ಹೋಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ಇದನ್ನು ಮಜಾ ಅನ್ನುವುದಾದರೆ ಅನ್ನಿ.

ನೋಡಬೇಕು ಅನ್ನಿಸಿದವರಿಗೆ: ಪಕ್ಕದಲ್ಲಿ ಒಂದು ಗಾಳಿಯ ನಕ್ಷೆ, ಒಂದು ಟೈಡ್ ಪಟ್ಟಿ ತೆರೆದಿಟ್ಟುಕೊಳ್ಳಿ. ಅವಿಲ್ಲದೆ ನಮ್ಮ ಅತ್ತೆ ಹೇಳಿದ ಇರುವೆಯೇ ಸರಿ. ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ತಾಸಿನ ಅಂತರ. ನಮ್ಮ ರಾತ್ರಿ ಊಟದ ಹೊತ್ತಿಗೆ ಅವರಿಗೆ ಬೆಳಗಾಗಿರುತ್ತದೆ.

ಈಗೀಗ ಇನ್ನೊಂದು ಪ್ರಶ್ನೆ ಶುರುವಾಗಿದೆ: ಇಂಥದ್ದು ನಮ್ಮಲ್ಲಿ ಯಾಕಿಲ್ಲ? ಜೂನ್‌ನಲ್ಲಂತೂ ಸಾಧ್ಯವಿಲ್ಲ, ಕಡಲಿಗಿಳಿಯುವ ಕಾಲ ಅಲ್ಲ. ಮಾರ್ಚ್ ಒಳ್ಳೆಯದು. ಬೆಳಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ. ಕರಾವಳಿಯ ಪ್ರವಾಹವೂ ಆಗ ದಕ್ಷಿಣಕ್ಕೆ ತಿರುಗಿರುತ್ತದೆ. ಹಾಗಾಗಿ ಮಂಗಳೂರಿನಿಂದ ಕಾರವಾರಕ್ಕೆ ಬೇಡ, ಕಾರವಾರದಿಂದ ಮಂಗಳೂರಿಗೆ ಇಡಬೇಕು. ನಡುವೆ ಸಿಗುವ ನೇತ್ರಾಣಿ ದ್ವೀಪದ ಒಳಬದಿಯಲ್ಲಿ ಹೋಗಬೇಕೋ ಹೊರಬದಿಯಲ್ಲೋ ಅನ್ನುವುದು ಅವರವರ ತಲೆ. ಎರಡನೇ ಬಹುಮಾನಕ್ಕೆ ಶಿರಸಿಯಿಂದ ಒಂದು ಅಡಕತ್ತರಿ ತರಿಸೋಣ. ಆದರೆ ನಮ್ಮಲ್ಲಿ ಭರತಿ ಇಳಿತದ ಅಂತರ ಎರಡು ಮೀಟರಿನ ಆಸುಪಾಸು, ಹೊರಗಡಲಲ್ಲಿ ಅದರ ಸೆಳೆತ ಲೆಕ್ಕಕ್ಕಿಲ್ಲ. ನೀರು ಓದುವ ಆಟ ಬೇಕೆಂದರೆ ದೋಣಿಗಳನ್ನು ಅಳಿವೆಯೊಳಗೆ ಕರೆಯಬೇಕು. ಒಳಗೆ ಬಂದುಹೋದ ಗುರುತಿಗೆ ತದಡಿಯಲ್ಲಿ ಒಂದು ಠಸ್ಸೆ, ಹೊನ್ನಾವರದಲ್ಲಿ ಒಂದು ಠಸ್ಸೆ ಅಂತ ನಾನು ಯೋಜನೆ ಹಾಕಿದೆ. ತಾಂಡೇಲರು ತದಡಿಗೆ ಒಪ್ಪಿದ್ದಾರೆ. ಹೊನ್ನಾವರದ ಅಳಿವೆಯ ಮರಳ ದಿಬ್ಬದ ಮೇಲೆ ಇಂಜಿನ್ ಇಲ್ಲದ ದೋಣಿ ತರುವ ಮಾತನ್ನು ಮಾತ್ರ ತಮ್ಮೆದುರು ಎತ್ತಬೇಡ ಅಂದಿದ್ದಾರೆ. ವಾದ ಇನ್ನೂ ನಡೆಯುತ್ತಿದೆ.