ಮಾವನ ಆಲಕ್ಕೆ ಹೊಸ ಮಣ್ಣು

ಹೋದ ಬೇಸಿಗೆಯಿಂದಲೇ ನನಗೆ ಅನುಮಾನ ಇತ್ತು. ಬೆಳಿಗ್ಗೆ ನಮ್ಮ ಬೋನ್ಸಾಯ್ ಆಲಕ್ಕೆ, ಅಂದರೆ ಕುಂಡದಲ್ಲೇ ಕುಳ್ಳಗೆ ಬೆಳೆಸಿದ ಆಲದ ಮರಕ್ಕೆ, ಎರಡು ಚೊಂಬು ನೀರು ಹಾಕಿದರೆ ಮಣ್ಣಿಗೆ ಇಳಿಯುತ್ತಲೇ ಇರಲಿಲ್ಲ. ಮೇಲೆಯೇ ನಿಂತು, ಆಮೇಲೆ ಕುಂಡದ ಅಂಚಿನಿಂದ ಹರಿದು ಟೆರೇಸಿನ ಪಾಲಾಗುತ್ತಿತ್ತು. ನೀರು ಹಾಕಿದೆನಲ್ಲ ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತು ಬೀಳುತ್ತಿದ್ದವು.

ಈ ಆಲ ನಮ್ಮ ಮಾವನದು. 1989ರಲ್ಲಿ ಮೈಸೂರಿನ ಹಳೇ ಮನೆಯ ಪ್ಯಾರಾಪೆಟ್ ಬಿರುಕಿನಲ್ಲಿ ಬೆರಳುದ್ದ ಹುಟ್ಟಿಕೊಂಡಿತ್ತಂತೆ, ಯಾವುದೋ ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ. ಗಾರೆಯವರು ಕಿತ್ತು ಬಿಸಾಡುವ ಮೊದಲೇ ಮಾವ ಅದನ್ನು ಬೇರು ಸಮೇತ ಬಿಡಿಸಿ ಡಾಲ್ಡಾ ಡಬ್ಬಿಯಲ್ಲಿ ನೆಟ್ಟರು. ಈಗ ಎರಡಡಿ ಎತ್ತರ. ಎರಡು ಬಿಳಲು ಮಣ್ಣಿಗಿಳಿದು ಕಂಬದ ಹಾಗೆ ಗಟ್ಟಿಯಾಗಿವೆ. ಇಲ್ಲಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೆ ಹೋದಾಗ ನಾವೆಲ್ಲ ಮರ ನೋಡುತ್ತೇವೆ, ಮಾವ ಮಾತ್ರ ಬಗ್ಗಿ ಕುಂಡದ ಬಾಯಿ, ಮಣ್ಣು, ಬುಡದ ಬೇರು ನೋಡುತ್ತಾ ನಿಲ್ಲುತ್ತಾರೆ.

ಮೊದಲೆಲ್ಲ ನಾಲ್ಕೈದು ವರ್ಷಕ್ಕೊಮ್ಮೆ ಅವರೇ ಮಣ್ಣು ಬದಲಿಸುತ್ತಿದ್ದರು. ಎಳೇ ಗಿಡಕ್ಕಾದರೆ ವರ್ಷ, ಎರಡು ವರ್ಷಕ್ಕೇ ಬೇಕು. ವಯಸ್ಸಾದ ಮರ ನಿಧಾನ, ಅಷ್ಟು ಬೇಗ ಕುಂಡದ ತುಂಬ ಬೇರು ತುಂಬಿಸುವುದಿಲ್ಲ. ಆದರೆ ಅವರ ಕೈ ನಡುಗಲು ಶುರುವಾದ ಮೇಲೆ ಎಂಟು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ನನಗೆ ಧೈರ್ಯ ಇರಲಿಲ್ಲ. ಒಮ್ಮೆ ಜೇಡ್ ಗಿಡದ ಕುಂಡ ಬದಲಿಸಿ ಆಗಲೇ ಹೊಟ್ಟೆ ತುಂಬ ನೀರು ಹಾಕಿದ್ದೆ. ಅದು ಕಾಂಡದಲ್ಲೇ ನೀರು ಇಟ್ಟುಕೊಳ್ಳುವ ಗಿಡ, ಕತ್ತರಿಸಿದ ಬೇರು ಒಣಗಲು ಕೆಲವು ದಿನ ಬಿಡಬೇಕಿತ್ತು. ಹತ್ತೇ ದಿನದಲ್ಲಿ ಬುಡ ಕೊಳೆತು ಮೆತ್ತಗಾಯಿತು. ಹನ್ನೆರಡು ವರ್ಷದ ಗಿಡ. ಅದನ್ನು ಎತ್ತಿ ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಈ ಸಲ ಕೃತ್ತಿಕೆ ಮಳೆ ಎರಡು ಸಲ ಚೆನ್ನಾಗಿ ಬಂತು. ಭಾನುವಾರ ಬೆಳಿಗ್ಗೆ ಮಾವ ಟೆರೇಸಿಗೆ ಕುರ್ಚಿ ಹಾಕಿಸಿಕೊಂಡರು. "ನೋಡಮ್ಮಾ, ಇವತ್ತು ಮಾಡಿಬಿಡು. ಸೆಖೆ ಇದೆ, ಗಾಳಿಯಲ್ಲಿ ತೇವ ಇದೆ. ಆಲಕ್ಕೆ ಇದಕ್ಕಿಂತ ಒಳ್ಳೇ ಹೊತ್ತಿಲ್ಲ" ಅಂದರು.

ಮಣ್ಣನ್ನು ಹಿಂದಿನ ದಿನವೇ ಸಿದ್ಧ ಮಾಡಿದ್ದೆ. ಮಣ್ಣು ಅಂದರೆ ಅದರಲ್ಲಿ ಮಣ್ಣೇ ಇಲ್ಲ! ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ. ಜಪಾನಿನವರು ಅಕಾಡಾಮಾ ಅನ್ನುವ ಜೇಡಿ ಉಂಡೆ ಬಳಸುತ್ತಾರೆ, ಇಲ್ಲಿ ಅದು ತುಂಬ ದುಬಾರಿ. ಇಟ್ಟಿಗೆ ಚೂರನ್ನು ಎರಡು ಸಲ ಜರಡಿ ಹಿಡಿದು ಪುಡಿಯನ್ನೆಲ್ಲ ತೆಗೆಯಲೇಬೇಕು. ಪುಡಿ ಉಳಿದರೆ ಅದೇ ತಳದಲ್ಲಿ ಕೂತು ಕೆಸರಾಗಿ ಬೇರಿನ ಉಸಿರು ಕಟ್ಟಿಸುತ್ತದೆ.

ನಾನೂ ನನ್ನ ಗಂಡನೂ ಸೇರಿ ಮರವನ್ನು ಕುಂಡದಿಂದ ಎತ್ತಿದೆವು. ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡು ಕಾಲೊರೆಸುವ ತೆಂಗಿನ ನಾರಿನ ಮ್ಯಾಟ್ ಥರ ಆಗಿತ್ತು. ಬಿದಿರು ಕಡ್ಡಿಯಿಂದ ಅಂಚಿನಿಂದ ಬಿಡಿಸುತ್ತಾ ಬಂದೆ. ನಡುವೆ ಒಂದು ಮುಷ್ಟಿಯಷ್ಟು ಹಳೇ ಮಣ್ಣು ಸಿಕ್ಕಿತು. ಹೊರಗೆ ಅಷ್ಟು ಮಳೆ ಬಂದಿದ್ದರೂ ಅದು ಬೂದಿಯ ಹಾಗೆ ಒಣಗಿತ್ತು. ದಿನಾ ನೀರು ಹಾಕುತ್ತಿದ್ದೆನಲ್ಲ, ಅದರಲ್ಲಿ ಒಂದು ಹನಿಯೂ ಇಲ್ಲಿಗೆ ಬಂದಿರಲಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

"ಕತ್ತರಿಸು" ಅಂದರು ಮಾವ. ಮೂರರಲ್ಲಿ ಒಂದು ಪಾಲು ಬೇರು ತೆಗೆಯಬೇಕು, ಅದರಲ್ಲೂ ಕೆಳಮುಖದ ದಪ್ಪ ಬೇರು ಮೊದಲು. ನೀರು ಹೀರುವ ಸಣ್ಣ ಬೇರು ಆದಷ್ಟು ಉಳಿಯಬೇಕು. ಕತ್ತರಿ ಆಡಿಸಿದಲ್ಲೆಲ್ಲ ಬಿಳಿ ಹಾಲು ಜಿನುಗಿತು. ಬೋನ್ಸಾಯ್ ಅಂದರೆ ಮರಕ್ಕೆ ಹಿಂಸೆ ಅಂತ ಹೇಳುವವರು ಇದ್ದಾರೆ, ಆ ಹಾಲು ನೋಡಿದಾಗ ನನಗೂ ಕರುಳು ಚುರ್ ಅಂದಿತು. ಆದರೆ ಆ ಒಣಗಿದ ಮುಷ್ಟಿ ಮಣ್ಣು ಪಕ್ಕದಲ್ಲೇ ಬಿದ್ದಿತ್ತು. ಕತ್ತರಿಸದೆ ಬಿಟ್ಟ ಎಂಟು ವರ್ಷವೇ ದೊಡ್ಡ ಹಿಂಸೆ ಅಂತ ನನಗೆ ಅನ್ನಿಸಿತು. "ಇಷ್ಟು ಸಾಕಾ ಮಾವ?" ಅಂತ ಪ್ರತಿ ಬೇರಿಗೂ ಕೇಳುತ್ತಿದ್ದೆ. ನಾಲ್ಕೈದು ಸಲ ಆದ ಮೇಲೆ ಅವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಉಳಿದ ಬೇರಿಗೆ ಒದ್ದೆ ಗೋಣಿ ಚೀಲ ಹೊದಿಸಿ ಕುಂಡ ತೊಳೆದೆ. ತೂತಿಗೆ ನೈಲಾನ್ ಬಲೆ, ಬುಡ ಅಲುಗಾಡದ ಹಾಗೆ ತಂತಿ ಕಟ್ಟು. ಮರ ಅಲುಗಾಡಿದರೆ ಹೊಸ ಬೇರು ಮೂಡುತ್ತಿದ್ದ ಹಾಗೇ ಮುರಿಯುತ್ತದೆ. ಇಟ್ಟಿಗೆ ಚೂರಿನ ಮಿಶ್ರಣ ತುಂಬಿಸಿ, ಬೇರಿನ ಸಂದಿಗೆಲ್ಲ ಇಳಿಯುವ ಹಾಗೆ ಕಡ್ಡಿಯಲ್ಲಿ ತಿವಿದು ತಿವಿದು ಕೂರಿಸಿದೆ. ಈ ಕೆಲಸಕ್ಕೇ ಅರ್ಧ ಗಂಟೆ ಹಿಡಿಯಿತು. ಅರ್ಧದಷ್ಟು ಎಲೆಯನ್ನೂ ಕತ್ತರಿಸಿದೆ, ಕಡಿಮೆಯಾದ ಬೇರು ಅಷ್ಟೊಂದು ಎಲೆಗೆ ನೀರು ಎಲ್ಲಿಂದ ತಂದೀತು? ಆಮೇಲೆ ತಳದಿಂದ ತಿಳಿ ನೀರು ಬರುವ ತನಕ ಸಣ್ಣ ತುಂತುರಿನಲ್ಲಿ ನೀರು ಹಾಕಿದೆ. ಕೈಗೆ ಮೆತ್ತಿದ ಹಾಲು ಕೊಬ್ಬರಿ ಎಣ್ಣೆ ಹಚ್ಚಿದ ಮೇಲೇ ಬಿಟ್ಟಿದ್ದು.

ಊಟಕ್ಕೆ ಕೂತಾಗ ಮಾವನಿಗೆ ಜಪಾನಿನ ಯಮಾಕಿ ಮನೆತನದ ಪೈನ್ ಮರದ ಕಥೆ ಹೇಳಿದೆ. 1625ರಿಂದ ಕುಂಡದಲ್ಲಿ ಬೆಳೆಸುತ್ತಾ ಬಂದ ಮರ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಅದೇ ಊರಲ್ಲಿ, ಗೋಡೆಯ ಮರೆಯಲ್ಲಿ ಇತ್ತು, ಉಳಿಯಿತು. 1976ರಲ್ಲಿ ಆ ಮನೆತನ ಅದನ್ನು ಅಮೆರಿಕಕ್ಕೇ ಉಡುಗೊರೆ ಕೊಟ್ಟಿತು, ಈಗ ವಾಷಿಂಗ್ಟನ್‌ನಲ್ಲಿದೆ. ಮಾವ ಬಾಂಬಿನ ಬಗ್ಗೆ ಏನೂ ಕೇಳಲಿಲ್ಲ. ಬೆರಳಲ್ಲಿ ಲೆಕ್ಕ ಹಾಕಿ, "ಐದು ವರ್ಷಕ್ಕೊಂದು ಸಲ ಅಂದರೂ ಎಂಬತ್ತು ಸಲ ಕುಂಡ ಬದಲಿಸಿದ್ದಾರೆ ಅಲ್ವಾ" ಅಂದರು.

ಆಲವನ್ನು ಮೆಟ್ಟಿಲ ಕೆಳಗಿನ ನೆರಳಿನಲ್ಲಿಟ್ಟೆ. ಗೊಬ್ಬರ ಒಂದು ತಿಂಗಳು ಬೇಡ ಅಂತ ಮಾವನ ಅಪ್ಪಣೆ. ಮೊದಲ ವಾರ ಹನ್ನೊಂದು ಎಲೆ ಹಳದಿಯಾಗಿ ಉದುರಿದವು, ದಿನಾ ಎಣಿಸುತ್ತಿದ್ದೆ. ರಾತ್ರಿ ಎದ್ದು ಟಾರ್ಚ್ ಹಾಕಿ ನೋಡಿದ್ದೂ ಉಂಟು. ಹದಿನೇಳನೇ ದಿನ ಬೆಳಿಗ್ಗೆ ಒಂದು ಕೊಂಬೆಯ ತುದಿಯಲ್ಲಿ ಮುಚ್ಚಿದ ಮೊಗ್ಗಿನಂಥ ಚಿಗುರು ಕಂಡಿತು. ಮಾವನ ಕೈ ಹಿಡಿದು ಕರೆದುಕೊಂಡು ಬಂದು ತೋರಿಸಿದೆ.

ಅವರು ಚಿಗುರು ನೋಡಿದರು, ಆಮೇಲೆ ಒಂದು ಚೊಂಬು ನೀರು ತರಿಸಿದರು. ನಾನು ಹಾಕಿದೆ. ಅವರು ಕುಂಡದ ಕೆಳಗೆ ಅಂಗೈ ಒಡ್ಡಿದರು. ಎರಡೇ ಕ್ಷಣಕ್ಕೆ ನೀರು ಅವರ ಕೈಗೆ ಬಂತು.