ಯಾವ ಟೈಪು?

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 212. ನಿನ್ನೆ ರಾತ್ರಿ ತಿಂದಿದ್ದು ಅರ್ಧ ಮುದ್ದೆ, ಸೊಪ್ಪಿನ ಸಾರು, ಅಷ್ಟೇ.

ಮೂರು ತಿಂಗಳ ಹಿಂದೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 9.8 ಬಂದಿತ್ತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಮೊದಲ ಡಾಕ್ಟರು ಟೈಪ್ 2 ಅಂದರು, ಮೆಟ್‌ಫಾರ್ಮಿನ್ ಬರೆದರು. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಇಳಿದಿದ್ದು ಶುಗರ್ ಅಲ್ಲ, ನನ್ನ ತೂಕ. ಆರು ಕೆಜಿ! ಮೊದಲೇ ನಾನು ಕಡ್ಡಿ, ಈಗ ಬೆಲ್ಟಿಗೆ ಹೊಸ ತೂತು.

ಎರಡನೇ ಡಾಕ್ಟರಿಗೆ ಅದರಿಂದಲೇ ಅನುಮಾನ ಬಂತು, ಇದು ಟೈಪ್ 1 ಇರಬಹುದಾ ಅಂತ. ಟೈಪ್ 1 ಅಂದ್ರೆ ಮಕ್ಕಳ ಕಾಯಿಲೆ ಅಂದುಕೊಂಡಿದ್ದೆ. ದೊಡ್ಡವರಿಗೂ ಬರುತ್ತದೆ, ಕೆಲವರಲ್ಲಿ ನಿಧಾನಕ್ಕೆ, ಶುರುವಿನಲ್ಲಿ ಟೈಪ್ 2 ಥರಾನೇ ಕಾಣುತ್ತದೆ ಅಂದರು. ಹಾಗಾಗಿ ಎರಡು ರಕ್ತ ಪರೀಕ್ಷೆ. ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಅಂತ ತಿಳಿಯೋಕೆ ಸಿ-ಪೆಪ್ಟೈಡ್. ಟೈಪ್ 1ರಲ್ಲಿ ಆಗುವ ಹಾಗೆ ನಮ್ಮದೇ ರೋಗನಿರೋಧಕ ಶಕ್ತಿ ಇನ್ಸುಲಿನ್ ಮಾಡುವ ಜೀವಕೋಶಗಳ ಮೇಲೆ ತಿರುಗಿಬಿದ್ದಿದೆಯಾ ಅಂತ ನೋಡೋಕೆ ಗ್ಯಾಡ್ ಆಂಟಿಬಾಡಿ. ರಿಪೋರ್ಟ್ ಶುಕ್ರವಾರ. ಅಲ್ಲಿವರೆಗೆ ರಾತ್ರಿ ಇನ್ಸುಲಿನ್. ವಾಂತಿ, ಹೊಟ್ಟೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂತ ಎರಡು ಸಲ ಹೇಳಿದ್ದಾರೆ.

"ಸೂಜಿ ಶುರುವಾದ್ರೆ ಬಿಡೋಕಾಗಲ್ಲ ಕಣೋ" ಅಂತ ಅಮ್ಮನ ಗೋಳು. ಅತ್ತೆಯದು ಹಾಗಲಕಾಯಿ ರಸ. ಕುಡಿದೆ, ಸುಮ್ನೆ ಅವರ ಸಮಾಧಾನಕ್ಕೆ.

ವಿಚಿತ್ರ ಅಂದ್ರೆ, ಯಾವ ಟೈಪ್ ಬರಲಿ ಅಂತ ದೇವರಿಗೆ ಕೈ ಮುಗೀಬೇಕೋ ಗೊತ್ತಾಗ್ತಿಲ್ಲ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇನ್ಸುಲಿನ್ ಪೆನ್ ತಣ್ಣಗೆ ಕೂತಿದೆ.