ಕಾಲಿನ ಪೆಡಲ್, ಮೂರನೇ ಅವತಾರ: ಎಡಕ್ಕೂ ಬಲಕ್ಕೂ ಸಂಬಂಧ ಕಡಿದದ್ದು

ಕೊನೆಗೂ ಆಯಿತು ಮಾರಾಯ್ರೇ. ನಾನು ಮಾಡಿಕೊಟ್ಟ ಕಾಲಿನ ಪೆಡಲ್ ಒತ್ತುತ್ತಾ ಮೊನ್ನೆ ರಾತ್ರಿ ತಮ್ಮ ಕೌಂಟರ್‌-ಸ್ಟ್ರೈಕ್ ಎಂಬ ಗುಂಡು ಹೊಡೆಯುವ ಕಂಪ್ಯೂಟರ್ ಆಟದ ಒಂದು ಇಡೀ ಮ್ಯಾಚ್ ಆಡಿ ಮುಗಿಸಿದ. ಮಧ್ಯದಲ್ಲಿ ಅವನನ್ನು ಯಾರೂ ಹೊರಗೆ ಹಾಕಲಿಲ್ಲ. ಸೋತ, ಅದು ಬೇರೆ ವಿಷಯ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ತಮ್ಮನ ಎಡಗೈ ಬೆರಳುಗಳಿಗೆ ಚಿಕ್ಕಂದಿನಿಂದಲೂ ಬಲ ಕಡಿಮೆ. ಬಲಗೈಯಲ್ಲಿ ಮೌಸ್ ಹಿಡಿಯುತ್ತಾನೆ, ಎಡ ಅಂಗೈ ಊರಿ ಎರಡು ದೊಡ್ಡ ಆರ್ಕೇಡ್ ಬಟನ್ ಒತ್ತುತ್ತಾನೆ. ಅವು ಮುಂದೆ, ಹಿಂದೆ. ಎಡಕ್ಕೆ ಬಲಕ್ಕೆ ಹೋಗುವ ಎ ಮತ್ತು ಡಿ ಕೀಗಳು ಮಾತ್ರ ಕಾಲಿಗೆ. ಸಿಎಸ್‌ಗೋ (ಆ ಆಟದ ಹಿಂದಿನ ಆವೃತ್ತಿ) ಕಾಲದಿಂದ ಹೀಗೇ ಆಡುತ್ತಾ ಬಂದಿದ್ದಾನೆ. ಮೊದಲ ಪೆಡಲ್‌ನಲ್ಲಿ ಮೈಕ್ರೋಸ್ವಿಚ್ ಇತ್ತು, ಮಳೆಗಾಲದಲ್ಲಿ ತುಕ್ಕು ಹಿಡಿದು ಸತ್ತಿತು. ಎರಡನೆಯದರಲ್ಲಿ ಆಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಹಾಕಿದೆ. ತಲೆನೋವು ಶುರುವಾದದ್ದು ಅಲ್ಲಿಂದ. ಹಲಗೆ ಕೊರೆದದ್ದು, ಬೆಸುಗೆ, ಪಿಕೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕ್ಯುಎಂಕೆ ಎಂಬ ಕೀಬೋರ್ಡ್ ತಂತ್ರಾಂಶ ಹಾಕಿದ್ದು, ಇದೆಲ್ಲ ನೀವೂ ಮಾಡಿದ್ದೇ. ಬಿಟ್ಟುಬಿಡುತ್ತೇನೆ.

ಎರಡನೇ ಅವತಾರ ಒಂದೇ ಹಲಗೆ. ನಡುವೆ ಕೀಲು, ಏತದ ಹಾಗೆ ಆಚೆ ಈಚೆ ವಾಲುತ್ತದೆ. ಎಡಕ್ಕೆ ವಾಲಿದರೆ ಎ, ಬಲಕ್ಕೆ ವಾಲಿದರೆ ಡಿ, ನಡುವೆ ಇದ್ದರೆ ಏನೂ ಇಲ್ಲ. ಅಡಿಯಲ್ಲಿ ಒಂದೇ ಎಸ್‌ಎಸ್49ಇ ಸೆನ್ಸರ್. ಆಯಸ್ಕಾಂತ ಹತ್ತಿರ ಇಲ್ಲದಾಗ ಅದು ಕೊಟ್ಟ ವೋಲ್ಟೇಜಿನ ಅರ್ಧ ತೋರಿಸುತ್ತದೆ. 3.3 ವೋಲ್ಟ್ ಕೊಟ್ಟರೆ 1.65. ಪಿಕೋದ 12 ಬಿಟ್ ಲೆಕ್ಕದಲ್ಲಿ (0ಯಿಂದ 4095ರವರೆಗೆ) 2048ರ ಆಸುಪಾಸು. ಅದಕ್ಕಿಂತ ಸಾಕಷ್ಟು ಕೆಳಗಿನ ಒಂದು ಗಡಿ ದಾಟಿದರೆ ಎಡ, ಮೇಲಿನ ಗಡಿ ದಾಟಿದರೆ ಬಲ. ಚಂದದ ಉಪಾಯ ಅಲ್ವಾ? ನನಗೂ ಹಾಗೇ ಅನಿಸಿತ್ತು.

ಸೆನ್ಸರಿನ ಕಥೆ ಹೇಳದೆ ಮುಂದೆ ಹೋಗಲಾರೆ. ನಾನು ಕೇಳಿದ್ದು 49ಇ. ಬಂದದ್ದು 44ಇ. ಅದು ಬರೀ ಆನ್, ಆಫ್ ಮಾಡುವ ಜಾತಿ. ಎಷ್ಟು ವಾಲಿದೆ ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಫೋನ್ ಮಾಡಿದರೆ ಅಂಗಡಿಯವರು, "ಎರಡೂ ಹಾಲ್ ಸೆನ್ಸರೇ ಸಾರ್, ಒಂದು ನಂಬರ್ ಆಚೆ ಈಚೆ" ಎಂದರು. ಔಷಧಿ ಅಂಗಡಿಯಲ್ಲಿ ಇವರು ಕೆಲಸಕ್ಕೆ ಇಲ್ಲದ್ದು ನಮ್ಮ ಪುಣ್ಯ. ಬದಲಿ ಪಾರ್ಸೆಲ್ ಹೊರಟದ್ದು ಮಂಗಳೂರಿನಿಂದ. ಕಾಸರಗೋಡು ಬದಿಯ ನೀರ್ಚಾಲಿನ ನಮ್ಮ ಮನೆಗೆ ಬಸ್ಸಲ್ಲಿ ಬಂದರೂ ಅರ್ಧ ದಿನ ಬೇಡ. ಆದರೆ ಪಿನ್‌ಕೋಡ್ ಕೇರಳದ್ದು ನೋಡಿ, ಅದು ಕೊಚ್ಚಿಗೆ ಹೋಗಿ, ಅಲ್ಲಿ ವಿಶ್ರಾಂತಿ ತೆಗೆದುಕೊಂಡು, ಮತ್ತೆ ಬಡಗು ದಿಕ್ಕಿಗೆ ಬಂತು. ಗಡಿಯಲ್ಲಿ ಇರುವವರಿಗೆ ಇದು ಹೊಸತಲ್ಲ.

ಈಗ ನಿಜವಾದ ಸಮಸ್ಯೆ. ಪೆಡಲ್ ಎಡಕ್ಕೆ ಒತ್ತಿ ಹಿಡಿದರೆ ಎ ಕೀ ತಡವರಿಸುತ್ತಿತ್ತು. ಒತ್ತು, ಬಿಡು, ಒತ್ತು, ಬಿಡು. ಬಲಕ್ಕೆ ಈ ಕಾಟ ಇಲ್ಲ. ವೈರ್ ಬದಲಿಸಿದೆ, ಕೆಪಾಸಿಟರ್ ಹಾಕಿದೆ, ಜಗಲಿಯ ಟ್ಯೂಬ್‌ಲೈಟಿಗೆ ಬೈದೆ. ಉತ್ತರ ಸಿಕ್ಕಿದ್ದು ಪಿಕೋದ ಚಿಪ್ಪಾದ ಆರ್‌ಪಿ2040ರ ದೋಷಪಟ್ಟಿಯಲ್ಲಿ. ಈ ಚಿಪ್ಪಿನ ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಗೆ ಬದಲಿಸುವ ಭಾಗ, 512, 1536, 2560, 3584 ಈ ನಾಲ್ಕು ಜಾಗದಲ್ಲಿ ಮುಗ್ಗರಿಸುತ್ತದೆ. ನನ್ನ ಎಡಗಡೆಯ ಗಡಿರೇಖೆ ಸರಿಯಾಗಿ 1536ರ ಪಕ್ಕದಲ್ಲೇ ಕೂತಿತ್ತು! ಆದರೆ ಈ ಪಟ್ಟಿ ಕಣ್ಣಿಗೆ ಬೀಳುವ ಮೊದಲೇ ಎಲ್ಲರೂ ಮಾಡುವ ಕೆಲಸವನ್ನು ನಾನೂ ಮಾಡಿಯಾಗಿತ್ತು. 64 ಸಲ ಓದಿ ಸರಾಸರಿ ತೆಗೆದು, 8 ಮಿಲಿಸೆಕೆಂಡಿಗೆ ಒಂದು ಬೆಲೆ ಕೊಡುವ ಫಿಲ್ಟರ್. ತಡವರಿಕೆ ನಿಂತಿತು. ಖುಷಿಯಾಗಿ ಪೆಡಲ್ ಕೊಟ್ಟೆ.

ಆ ವಾರವೇ ತಮ್ಮ ಕೂಗಿದ. "ಅಣ್ಣಾ, ಎಂತದೋ ಬಂತು ನೋಡು. ನನ್ನನ್ನು ಹೊರಗೆ ಹಾಕಿತು."

ನಿಯಮ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೌಂಟರ್‌-ಸ್ಟ್ರೈಕ್‌ನಲ್ಲಿ ಓಡುತ್ತಾ ಗುಂಡು ಹೊಡೆದರೆ ಗುಂಡು ಊರು ಸುತ್ತುತ್ತದೆ. ಗುರಿ ಸರಿಯಾಗಬೇಕಾದರೆ ವೇಗ ಗರಿಷ್ಠದ ಸುಮಾರು ಮೂರನೇ ಒಂದಕ್ಕೆ ಇಳಿಯಬೇಕು. ಬೇಗ ನಿಲ್ಲಲು ಎದುರು ದಿಕ್ಕಿನ ಕೀ ಒಂದು ಕ್ಷಣ ತಟ್ಟಬೇಕು. ಎ ಬಿಟ್ಟು ಡಿ. ಎರಡೂ ಒಟ್ಟಿಗೆ ಒತ್ತಿ ಹೋದರೆ ಒಂದನ್ನೊಂದು ರದ್ದು ಮಾಡುತ್ತವೆ. ನಡುವೆ ಅಂತರ ಜಾಸ್ತಿಯಾದರೆ ತಡ. ಇದನ್ನು ಸರಿಯಾಗಿ ಮಾಡುವುದೇ ಆಟದ ಅರ್ಧ ವಿದ್ಯೆ. 2024ರ ಜುಲೈಯಲ್ಲಿ ರೇಜರ್ ಕಂಪನಿ ಸ್ನ್ಯಾಪ್ ಟ್ಯಾಪ್ ತಂದಿತು. ಎ ಒತ್ತಿಕೊಂಡೇ ಡಿ ಒತ್ತಿದರೆ ಕೀಬೋರ್ಡ್ ತಾನೇ ಎ ಬಿಡಿಸುತ್ತದೆ. ವೂಟಿಂಗ್ ಕೀಬೋರ್ಡಿಗೂ ಅಂಥದ್ದೇ ಬಂತು. ಆಗಸ್ಟಿನಲ್ಲಿ ಆಟದ ಕಂಪನಿ ವಾಲ್ವ್ ಇದಕ್ಕೆ ಬಾಗಿಲು ಹಾಕಿತು. ಯಂತ್ರವೇ ನಿಲ್ಲಿಸಿಕೊಟ್ಟದ್ದು ಪತ್ತೆಯಾದರೆ ಅವರ ಅಧಿಕೃತ ಸರ್ವರ್‌ನಲ್ಲಿ ಮ್ಯಾಚ್‌ನಿಂದ ಹೊರಗೆ. ನನ್ನ ಮಟ್ಟಿಗೆ ಅದು ಸರಿಯಾದ ನಿಯಮವೇ.

"ನಾನು ಕಾಲಲ್ಲೇ ಒತ್ತಿದ್ದಲ್ವಾ? ಮೋಸ ಎಂತದ್ದು?" ಎಂದ ತಮ್ಮ. ಅವನ ಪ್ರಶ್ನೆಯಲ್ಲೂ ನ್ಯಾಯ ಉಂಟು. ಸ್ನ್ಯಾಪ್ ಟ್ಯಾಪ್ ನಾನು ಹಾಕಿಯೇ ಇಲ್ಲ. ಹಾಗಾಗಿ ಕೀಗಳ ಸಮಯ ಬರೆದಿಡುವ ಚಿಕ್ಕ ಪ್ರೋಗ್ರಾಂ ಒಂದನ್ನು ಕೂರಿಸಿದೆ. ಮೊದಲು ಮಾಮೂಲಿ ಕೀಬೋರ್ಡಿನಲ್ಲಿ ನಾನೇ ಎ, ಡಿ ಒತ್ತಿ ನೋಡಿದೆ. ಒಮ್ಮೆ ಒಂದರ ಮೇಲೊಂದು ಬೀಳುತ್ತದೆ, ಒಮ್ಮೆ ನಡುವೆ ಖಾಲಿ, ಎರಡು ಸಲ ಒಂದೇ ಲೆಕ್ಕ ಬರುವುದಿಲ್ಲ. ಆಮೇಲೆ ತಮ್ಮನ ಪೆಡಲ್. ಎ ಬಿಟ್ಟದ್ದು, ಡಿ ಒತ್ತಿದ್ದು, ಅಂತರ 1 ಮಿಲಿಸೆಕೆಂಡ್. ಮತ್ತೆ 1. ಮತ್ತೆ 1. ಪುಟಗಟ್ಟಲೆ 1. ಒಂದು ಸಲವೂ ಮೇಲೆ ಬೀಳಲಿಲ್ಲ. ಇದು ಮನುಷ್ಯನ ಕಾಲು ಎಂದರೆ ನಾನೂ ನಂಬುತ್ತಿರಲಿಲ್ಲ.

ಕಾರಣ ಆ ಫಿಲ್ಟರ್. ಕಾಲು ಎಡದಿಂದ ಬಲಕ್ಕೆ ಹಾರುವಾಗ ನಡುವಿನ ಖಾಲಿ ಜಾಗ ದಾಟಲು ಕೆಲವೇ ಮಿಲಿಸೆಕೆಂಡ್ ಸಾಕು. ಫಿಲ್ಟರ್ ಕಣ್ಣು ಬಿಡುವುದು 8 ಮಿಲಿಸೆಕೆಂಡಿಗೊಮ್ಮೆ. ಒಮ್ಮೆ ಕಣ್ಣು ಬಿಟ್ಟಾಗ ಎಡ, ಮುಂದಿನ ಸಲ ಬಲ, ನಡುವೆ ಏನೂ ಇಲ್ಲ. ಆಗ ಕ್ಯುಎಂಕೆ ಒಂದೇ ಸುತ್ತಿನಲ್ಲಿ ಎ ಬಿಡಿಸಿ, ಬೆನ್ನಿಗೇ ಡಿ ಕಳಿಸುತ್ತದೆ. ತಡವರಿಕೆ ಅಡಗಿಸಲು ಹಾಕಿದ್ದು ಹೋಗಿ ಸ್ನ್ಯಾಪ್ ಟ್ಯಾಪ್ ಆಗಿ ಕೂತಿತ್ತು.

ಗೆಳೆಯನೊಬ್ಬ ಸುಲಭದ ದಾರಿ ಹೇಳಿದ. ಫರ್ಮ್‌ವೇರ್‌ನಲ್ಲಿ ಸುಮ್ನೆ ಒಂದು ರ‍್ಯಾಂಡಮ್ ವಿಳಂಬ ಸೇರಿಸು, ಒಮ್ಮೆ 5, ಒಮ್ಮೆ 20, ಯಾರಿಗೂ ಗೊತ್ತಾಗದು. ಬೇಡ ಎಂದೆ. ಮೋಸದ ಸಾಫ್ಟ್‌ವೇರ್ ಬರೆಯುವವರು ಮಾಡುವುದು ಅದನ್ನೇ, ಯಂತ್ರದ ಮುಖಕ್ಕೆ ಮನುಷ್ಯನ ವೇಷ ಕಟ್ಟುವುದು. ನಮ್ಮಲ್ಲಿ ಕಾಲು ನಿಜವಾದದ್ದೇ ಉಂಟು. ಅದರ ಸಣ್ಣಪುಟ್ಟ ತಪ್ಪುಗಳನ್ನು ಯಂತ್ರ ನುಂಗದೇ ಇದ್ದರೆ ಆಯಿತು.

ಫಿಲ್ಟರ್ ತೆಗೆಯಲು ಮೊದಲು ಮೂಲದ ವಿದ್ಯುತ್ ಗದ್ದಲ ಇಳಿಸಬೇಕು. ಪಿಕೋ ಬೋರ್ಡಿನಲ್ಲಿ ಜಿಪಿ23 ಪಿನ್ನನ್ನು ಹೈ ಮಾಡಿದರೆ ವಿದ್ಯುತ್ ಕೊಡುವ ಭಾಗ ಪಿಡಬ್ಲ್ಯುಎಂ (ಎಡೆಬಿಡದೆ ಒಂದೇ ಲಯದಲ್ಲಿ ಕೊಡುವ) ರೀತಿಗೆ ಹೋಗುತ್ತದೆ, ಏರಿಳಿತ ಕಡಿಮೆಯಾಗುತ್ತದೆ. ಒಂದೇ ಸಾಲಿನ ಕೋಡ್. ಗಡಿರೇಖೆಯನ್ನು 1536ರಿಂದ ದೂರ ಸರಿಸಿದೆ. ಒತ್ತಲು ಒಂದು ಬೆಲೆ, ಬಿಡಲು ಇನ್ನೊಂದು. ಇಷ್ಟಕ್ಕೇ ತಡವರಿಕೆ ಹೋಯಿತು, ಸರಾಸರಿ ಬೇಕಾಗಲೇ ಇಲ್ಲ.

ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಒಂದೇ ಹಲಗೆ, ಒಂದೇ ಸೆನ್ಸರ್ ಇರುವಷ್ಟು ಕಾಲ ಎ ಮತ್ತು ಡಿ ಎಂದೂ ಒಟ್ಟಿಗೆ ಒತ್ತಿ ಹೋಗಲಾರವು. ಬೆರಳಲ್ಲಿ ಆಡುವವರಿಗೆ ಆ ರಕ್ಷಣೆ ಇಲ್ಲ. ಅವರಿಗೆ ಇಲ್ಲದ್ದು ತಮ್ಮನಿಗೆ ಯಾಕೆ? ಹಾಗಾಗಿ ಮೂರನೇ ಅವತಾರದಲ್ಲಿ ಹಲಗೆಯನ್ನೇ ಸೀಳಿದೆ. ಎರಡು ಪೆಡಲ್, ಎರಡು ಸೆನ್ಸರ್, ಜಿಪಿ26 ಒಂದಕ್ಕೆ, ಜಿಪಿ27 ಇನ್ನೊಂದಕ್ಕೆ. ಹಿಮ್ಮಡಿ ಊರಿ ಪಾದ ತಿರುಗಿಸಿ ಒತ್ತಬೇಕು. ಕೋಡಿನಲ್ಲಿ ಎಡದ ಪೆಡಲಿಗೆ ಬಲದ್ದು ಇರುವುದೇ ಗೊತ್ತಿಲ್ಲ. ಸ್ವಿಚ್ಚಿನ ನಡುಕ ನಿಲ್ಲುವವರೆಗೆ ಕಾಯುವ ಡಿಬೌನ್ಸ್ ಸಮಯವನ್ನೂ 0 ಮಾಡಿದೆ. ಲೋಹ ತಾಗುವ ಸ್ವಿಚ್ ಅಲ್ಲದ ಕಾರಣ ಅದರ ಅಗತ್ಯವಿಲ್ಲ, ಮತ್ತು ಕೀ ಬಿಡುವುದನ್ನು 5 ಮಿಲಿಸೆಕೆಂಡ್ ತಡ ಮಾಡಿದರೆ ತಮ್ಮನಿಗೆ ಸುಮ್ನೆ ನಷ್ಟ.

ಈಗ ಲಾಗ್ ನೋಡಿದರೆ ಸಂತೋಷ. ಎಲ್ಲ ಅಸ್ತವ್ಯಸ್ತ! ತಮ್ಮನಿಗೆ ಸಂತೋಷ ಇಲ್ಲ. ಎರಡೂ ಒಟ್ಟಿಗೆ ಒತ್ತಿ ಹೋಗಿ ಬಾಗಿಲ ಮುಂದೆ ಕಂಬದ ಹಾಗೆ ನಿಲ್ಲುತ್ತಾನೆ, ಎದುರಿನವ ಹೊಡೆಯುತ್ತಾನೆ. "ಹಳೆಯದೇ ಒಳ್ಳೆದಿತ್ತು" ಎಂದು ಗೊಣಗುತ್ತಾನೆ. ಅಭ್ಯಾಸ ಮಾಡು ಎಂದಿದ್ದೇನೆ. ಅಭ್ಯಾಸಕ್ಕೆ ಅದೇ ಲಾಗ್ ಕೊಟ್ಟಿದ್ದೇನೆ, ಅಂತರ ಎಷ್ಟು ಬಂತು ಎಂದು ಆಟದ ನಂತರ ನೋಡಬಹುದು. ಆಡುವಾಗ ಅಲ್ಲ.

ಇನ್ನೊಂದು ತರಲೆ ಹಲಗೆಯದ್ದು. ಹಳೆ ಮನೆಯ ಹಲಸಿನ ಹಲಗೆ ಚಂದ ಎಂದು ಬಳಸಿದೆ. ಮಳೆಗೆ ಉಬ್ಬುತ್ತದೆ, ಆಯಸ್ಕಾಂತದ ಎತ್ತರ ಬದಲಾಗುತ್ತದೆ. ಅದಕ್ಕೆ ಯುಎಸ್‌ಬಿ ಚುಚ್ಚಿದ ಕೂಡಲೇ ಪೆಡಲ್ ತನ್ನ ವಿಶ್ರಾಂತಿಯ ಜಾಗ ತಾನೇ ಅಳೆದುಕೊಳ್ಳುವ ಹಾಗೆ ಮಾಡಿದೆ. ಆ ಹೊತ್ತಿಗೆ ಕಾಲು ಇಡಬಾರದು. ತಮ್ಮ ಇಡುತ್ತಾನೆ. ಆಮೇಲೆ ಪೆಡಲ್ ಹಾಳಾಯಿತು ಎಂದು ನನ್ನನ್ನು ಕರೆಯುತ್ತಾನೆ.

ಈ ಲಾಗ್ ಪ್ರೋಗ್ರಾಂ ನೋಡುತ್ತಾ ಬೇರೆಯೇ ಆಸೆ ಹುಟ್ಟಿದೆ. ಎರಡು ಪೆಟ್ಟಿನ ನಡುವಿನ ಅಂತರ ಅಳೆಯುವುದೆಂದರೆ ಚೆಂಡೆಯ ಲೆಕ್ಕವೂ ಅದೇ ಅಲ್ವಾ? ಒಂದು ರಬ್ಬರ್ ಪ್ಯಾಡ್, ಅಡಿಯಲ್ಲಿ ಪೆಟ್ಟು ಬಿದ್ದರೆ ವೋಲ್ಟೇಜ್ ಕೊಡುವ ಪಿಯೆಜೊ ಬಿಲ್ಲೆ, ಅದಕ್ಕೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರ್, ಅದೇ ಪಿಕೋ. ರಾತ್ರಿ ಹನ್ನೊಂದಕ್ಕೆ ಝಂಪೆ ತಾಳದಲ್ಲಿ ಬಿಡ್ತಿಗೆ (ಯಕ್ಷಗಾನದ ಕುಣಿತಕ್ಕೆ ಬಾರಿಸುವ ಪೆಟ್ಟುಗಳ ಕಟ್ಟು) ಅಭ್ಯಾಸ ಮಾಡಿದರೂ ಪಕ್ಕದ ಮನೆಯವರು ಟಾರ್ಚ್ ಹಿಡಿದು ಬರುವುದಿಲ್ಲ. ಮನೆಯಲ್ಲಿ ಭಾವ ಚೆಂಡೆ ಕಲಿಯುತ್ತಿದ್ದಾರೆ. ಅವರಿಗೆ ಹೇಳಿದೆ. "ಮೊದಲು ಕೈ ಕೂರಲಿ ಭಾವ, ಮತ್ತೆ ನಿನ್ನ ಕಂಪ್ಯೂಟರ್ ಲೆಕ್ಕ ಹೇಳಲಿ" ಎಂದರು.

ಪಿಕೋದಲ್ಲಿ ಹೊರಗೆ ಸಿಗುವ ಎಡಿಸಿ ಪಿನ್ ಮೂರೇ. ಎರಡು ಪೆಡಲಿಗೆ ಹೋಯಿತು. ಉಳಿದ ಜಿಪಿ28 ಆಟದಲ್ಲಿ ಕುಕ್ಕರುಗಾಲಲ್ಲಿ ಕೂರಲು ಇನ್ನೊಂದು ಪೆಡಲಿಗೆ ಬೇಕು ಎಂದು ತಮ್ಮ ಹಠ ಹಿಡಿದಿದ್ದಾನೆ. ಚೆಂಡೆಗೆ ಇನ್ನೊಂದು ಬೋರ್ಡೇ ತರಿಸಬೇಕು. ಈ ಸಲ ಪಾರ್ಸೆಲ್ ಬೇಡ, ಬಸ್ಸಲ್ಲಿ ಹೋಗಿ ನಾನೇ ತರುತ್ತೇನೆ. 49ಇ ಕೂಡ ಅಲ್ಲೇ ನಿಂತು ಓದಿ ನೋಡಿ ತರುವುದು.